ದವಡೆಯ ಗೆಡ್ಡೆಗೆ ಹೆಸರಿಟ್ಟವರು

2014ರ ಜುಲೈ ತಿಂಗಳಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಬುಲ್ಢಾಣಾ ಜಿಲ್ಲೆಯ 17 ವರ್ಷದ ಹುಡುಗನೊಬ್ಬನ ಕೆಳದವಡೆಯಿಂದ ಅಲ್ಲಿನ ದಂತವೈದ್ಯರು 232 ಹಲ್ಲುಗಳನ್ನು ಹೊರತೆಗೆದಿದ್ದರು. ಅಂಧೇರಿಯಿಂದ ಹಾರ್ಬರ್ ಮಾರ್ಗದ ಲೋಕಲ್ ಹಿಡಿದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯುವ ನಮ್ಮಂಥವರಿಗೆ 1845ರಷ್ಟು ಹಳೆಯದಾದ ಆ ಆಸ್ಪತ್ರೆ ಹೊಸದೇನಲ್ಲ. ಆದರೆ ಪತ್ರಿಕೆಗಳು ಸಂಖ್ಯೆಯ ಬೆರಗಿನಲ್ಲೇ ನಿಂತುಬಿಟ್ಟವು. ನಮಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಒಂದೂವರೆ ವರ್ಷ ಊದಿದ ದವಡೆಯನ್ನು ಹೊತ್ತಿದ್ದ ಆ ಹುಡುಗನ ಕಾಯಿಲೆ ಏನೆಂಬುದು ಊರ ಕಡೆಯ ವೈದ್ಯರಿಗೆ ತಿಳಿದಿರಲಿಲ್ಲ. ಕ್ಯಾನ್ಸರ್ ಇರಬಹುದೆಂಬ ಅಂಜಿಕೆಯಿಂದಲೇ ತಂದೆ ಅವನನ್ನು ಮುಂಬಯಿಗೆ ಕರೆತಂದಿದ್ದರು.

ಡಾ. ಸುನಂದಾ ಧಿವಾರೆಯವರು ಮುಖ್ಯಸ್ಥರಾಗಿದ್ದ ದಂತವಿಭಾಗ ಅದನ್ನು ಒಡಾಂಟೋಮಾ ಎಂದು ಗುರುತಿಸಿತು. ಹಲ್ಲು ಹುಟ್ಟಿಸುವ ಅಂಗಾಂಶವೇ ದಾರಿ ತಪ್ಪಿ ಬೆಳೆದ, ಕ್ಯಾನ್ಸರ್ ಅಲ್ಲದ ಗೆಡ್ಡೆ ಅದು. ಸುಮಾರು ಏಳು ಗಂಟೆಗಳ ಕಾಲ ಉಳಿ ಸುತ್ತಿಗೆ ಹಿಡಿದು ಕೆಲಸ ಮಾಡಿದ ವೈದ್ಯರು ಹುಡುಗನ ದವಡೆಯನ್ನು ಉಳಿಸಿಕೊಟ್ಟರು.

ಒಡಾಂಟೋಮಾ ಎಂಬ ಪದವನ್ನು 1860ರ ದಶಕದಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಪಾಲ್ ಬ್ರೋಕಾ. ಮೆದುಳಿನಲ್ಲಿ ಮಾತಿನ ನೆಲೆಯನ್ನು ಗುರುತಿಸಿದ ಬ್ರೋಕಾನೇ ಈತ. ಹಲ್ಲಿನ ಮೂಲದಿಂದ ಬಂದ ಗೆಡ್ಡೆಗಳೆಲ್ಲವನ್ನೂ ಅವನು ಈ ಒಂದೇ ಹೆಸರಿನಡಿ ತಂದಿದ್ದ. ಈ ಒಟ್ಟು ಕುಟುಂಬ ಒಡೆಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1885ರಲ್ಲಿ ಲೂಯಿ ಮಲಾಸೇ ಅದರಲ್ಲೊಂದಕ್ಕೆ ಅಡಮ್ಯಾಂಟಿನೋಮಾ ಎಂದು ಹೆಸರಿಟ್ಟ. ಹೆಸರು ಎನಾಮಲ್ಲನ್ನು ಸೂಚಿಸುತ್ತಿತ್ತು, ಗೆಡ್ಡೆಯಲ್ಲಿ ಮಾತ್ರ ಎನಾಮಲ್ ಇರಲಿಲ್ಲ! 1930ರ ದಶಕದಲ್ಲಿ ಅದು ಅಮೆಲೋಬ್ಲಾಸ್ಟೋಮಾ ಆಯಿತು.

ಈ ನಾಮಕರಣಗಳು ಪಂಡಿತರ ಹವ್ಯಾಸವೆಂದು ತೋರಬಹುದು. ಆದರೆ ದವಡೆಯಲ್ಲಿ ಎಷ್ಟು ಉಳಿಯುತ್ತದೆಂಬುದನ್ನು ನಿರ್ಧರಿಸುವುದು ಆ ಹೆಸರೇ. ಒಡಾಂಟೋಮಾವನ್ನು ಬಿಡಿಸಿ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅಮೆಲೋಬ್ಲಾಸ್ಟೋಮಾ ಹಾಗಲ್ಲ. ಅದೂ ನೋವಿಲ್ಲದೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಅದೂ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಮೂಳೆಯ ಸಂದುಗಳಿಗೆ ನುಸುಳುವುದರಿಂದ ಬರಿದೇ ಕೆರೆದು ತೆಗೆದಾಗ ಎಷ್ಟೋ ಸಲ ಮರಳಿ ಬರುತ್ತದೆ. ಆದ್ದರಿಂದ ಸುತ್ತಲಿನ ಆರೋಗ್ಯವಂತ ಮೂಳೆಯನ್ನೂ ಸುಮಾರು ಒಂದು ಸೆಂಟಿಮೀಟರ್ ಸೇರಿಸಿ ಕತ್ತರಿಸುವುದು ರೂಢಿ. ಇಂಥ ಗೆಡ್ಡೆಗೂ ಇಂಗ್ಲಿಷಿನಲ್ಲಿ ಬಿನೈನ್ ಎಂದೇ ವಿಶೇಷಣ. ಅದರ ಲ್ಯಾಟಿನ್ ಮೂಲಕ್ಕೆ ದಯಾಳು ಎಂದರ್ಥ! ನೆಲದಡಿಯಲ್ಲಿ ಸದ್ದಿಲ್ಲದೆ ದಪ್ಪಗಾಗುವುದನ್ನು ನೆನಪಿಸುವ ನಮ್ಮ ಗೆಡ್ಡೆ ಎಂಬ ಮಾತೇ ಹೆಚ್ಚು ಪ್ರಾಮಾಣಿಕವೆಂದು ನಮಗನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1971ರಲ್ಲಿ ಇವುಗಳ ವರ್ಗೀಕರಣವನ್ನು ಪ್ರಕಟಿಸಿದ ಮೇಲೂ ಗೊಂದಲ ತೀರಲಿಲ್ಲ. ದವಡೆಯ ಕೆರಟೋಸಿಸ್ಟ್ ಎಂಬುದನ್ನು 2005ರಲ್ಲಿ ಗೆಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ನೀರುಗುಳ್ಳೆಗಳ ಸಾಲಿಗೆ ಮರಳಿಸಲಾಯಿತು.

ದವಡೆಯ ದೊಡ್ಡ ಭಾಗವನ್ನೇ ಕತ್ತರಿಸಬೇಕಾದವರ ಪಾಡು ಬಹುಕಾಲ ಕಠಿಣವಾಗಿತ್ತು. ಗಲ್ಲ ಒಳಕ್ಕೆ ಕುಸಿಯುತ್ತಿತ್ತು, ಅಗಿಯುವುದು ಕಷ್ಟವಾಗುತ್ತಿತ್ತು, ಮಾತು ತೊದಲುತ್ತಿತ್ತು. 1975ರಲ್ಲಿ ಆಸ್ಟ್ರೇಲಿಯಾದ ಇಯಾನ್ ಟೇಲರ್ ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ರಕ್ತನಾಳ ಸಮೇತ ತೆಗೆದು, ಮುರಿದ ಇನ್ನೊಂದು ಕಾಲಿಗೆ ಜೋಡಿಸಿದರು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಅದೇ ಮೂಳೆಯಿಂದ ಕೆಳದವಡೆ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಇಂದು ಮುಂಬಯಿಯಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ನೇರವಾದ ಮೂಳೆಯನ್ನು ಅಲ್ಲಲ್ಲಿ ಕತ್ತರಿಸಿ, ಗಲ್ಲದ ತಿರುವಿಗೆ ಹೊಂದುವಂತೆ ಬಾಗಿಸಿ, ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ. ಮುಂದೆ ಅದರ ಮೇಲೆಯೇ ಹಲ್ಲುಗಳನ್ನು ಕೂರಿಸಬಹುದು. ದೇಹದ ಭಾರವನ್ನು ಬಹುಪಾಲು ಹೊರುವುದು ಪಕ್ಕದ ದೊಡ್ಡ ಮೂಳೆಯಾದ್ದರಿಂದ, ಸಣ್ಣದನ್ನು ಕೊಟ್ಟ ಕಾಲು ಮತ್ತೆ ನಡೆಯುತ್ತದೆ.