ಎಳನೀರಿಗೊಂದು ಚಿಟಿಕೆ ಉಪ್ಪು

ನಮ್ಮ ಬಡಾವಣೆಯ ಉದ್ಯಾನದ ಮುಂದೆ ಬೆಳಗಿನ ಹೊತ್ತು ಎಳನೀರಿನ ಗಾಡಿಯೊಂದು ನಿಲ್ಲುತ್ತದೆ. ಗಾಳಿಸವಾರಿ ಮುಗಿಸಿದ ನಾವು ನಾಲ್ಕಾರು ಮಂದಿ ಅದರ ಸುತ್ತ ಸೇರುತ್ತೇವೆ. ಮಿತ್ರರೊಬ್ಬರದು ಅಲ್ಲಿ ನಿತ್ಯವೂ ಒಂದೇ ಭಾಷಣ: "ಎಳನೀರು ಅಂದರೆ ರಕ್ತದ ತಿಳಿನೀರೇ ಸ್ವಾಮಿ. ಯುದ್ಧದಲ್ಲಿ ಸೈನಿಕರ ನರಕ್ಕೆ ಇದನ್ನೇ ಏರಿಸಿದರಂತೆ." ಅವರ ಮಗ ದೂರದ ಓಟದ ಪಂದ್ಯಕ್ಕೆ ಸಿದ್ಧನಾಗುತ್ತಿದ್ದಾನೆ. ಎರಡು ಮೂರು ಗಂಟೆ ಓಡಿ ಬಂದ ಹುಡುಗ ಎಳನೀರಲ್ಲದೆ ಬೇರೇನೂ ಮುಟ್ಟಕೂಡದೆಂದು ತಂದೆಯ ಕಟ್ಟಪ್ಪಣೆ. ಮಾತು ಬರಿಯ ಹರಟೆಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹುಡುಗನ ಮೈಯ ಪ್ರಶ್ನೆಯಾದ್ದರಿಂದ, ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನಿಸಿದರೂ, ಪುಸ್ತಕಗಳನ್ನು ತಿರುವಿದೆ.

ಮಿತ್ರರ ಮಾತು ಪೂರ್ತಿ ಸುಳ್ಳಲ್ಲ. 1942ರಲ್ಲಿ ಹವಾನಾದ ವೈದ್ಯರು ಸೋಸಿದ ಎಳನೀರನ್ನು ಮಕ್ಕಳ ರಕ್ತನಾಳಕ್ಕೆ ಹಾಯಿಸಿ ನೋಡಿದರು. 1954ರಲ್ಲಿ ಐಸ್‌ಮನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಇಂಥದೇ ಅನುಭವವನ್ನು ಪ್ರಕಟಿಸಿದರು. 2000ದಲ್ಲಿ ಅಚ್ಚಾದ ವರದಿ ಇನ್ನೂ ಸೋಜಿಗದ್ದು: ಸಾಲೊಮನ್ ದ್ವೀಪಗಳ ಆಸ್ಪತ್ರೆಯೊಂದರಲ್ಲಿ ನರಕ್ಕೆ ಕೊಡುವ ದ್ರವ ಸಾಲದೆ, ರೋಗಿಯೊಬ್ಬರಿಗೆ ಕೆಲಕಾಲ ಎಳನೀರನ್ನೇ ಏರಿಸಿದರು. ಬಿರುಕಿಲ್ಲದ ಕಾಯಿಯೊಳಗಿನ ನೀರಿಗೆ ರೋಗಾಣುಗಳ ಸೋಂಕಿರುವುದಿಲ್ಲ. ಈ ಸಾಹಸ ಸಾಧ್ಯವಾದದ್ದು ಅದರಿಂದ.

ಆದರೆ ಇವೆಲ್ಲ ಗತಿಯಿಲ್ಲದ ಗಳಿಗೆಯ ಉಪಾಯಗಳು. ಆಸ್ಪತ್ರೆಯ ಸಲೈನಿನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಲು ಕಡಿಮೆ. ರಕ್ತದ ತಿಳಿನೀರಿನಲ್ಲಿ ಈ ಲೆಕ್ಕ ತಿರುಗುಮುರುಗು. ಬೆವರಿನಲ್ಲಿ ಹೋಗುವುದೂ ಮುಖ್ಯವಾಗಿ ಸೋಡಿಯಮ್ಮೇ. ಗಂಟೆಗಟ್ಟಲೆ ಬೆವರಿದವನು ಉಪ್ಪಿಲ್ಲದ್ದನ್ನೇ ಮಿತಿಮೀರಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಪ್ರಜ್ಞೆ ತಪ್ಪುವುದೂ ಉಂಟು. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾನಿಲಯದ ರಾಬರ್ಟ್ ಕೇಡ್ ಮತ್ತು ಸಂಗಡಿಗರು ತಮ್ಮ ಆಟಗಾರರಿಗೆ ನೀರಿನಲ್ಲಿ ಸಕ್ಕರೆಯ ಜೊತೆಗೆ ಉಪ್ಪನ್ನೂ ಕದಡಿ ಕೊಟ್ಟದ್ದು ಈ ನಷ್ಟವನ್ನು ತುಂಬಲೆಂದೇ.

2002ರಲ್ಲಿ ಮಲೇಷ್ಯಾದ ಸಂಶೋಧಕರು ತರುಣರನ್ನು ಸೆಕೆಯಲ್ಲಿ ದಣಿಸಿ, ಬೆವರಿಳಿಸಿ, ಎಳನೀರು, ಬರಿಯ ನೀರು, ಆಟಗಾರರ ಪಾನೀಯ ಮೂರನ್ನೂ ಒರೆಗೆ ಹಚ್ಚಿದರು. ಮೈಗೆ ನೀರು ತುಂಬುವುದರಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಎಳನೀರು ಕುಡಿದಾಗ ಓಕರಿಕೆ, ಹೊಟ್ಟೆಯುಬ್ಬರ ಮಾತ್ರ ಕಡಿಮೆ. 2007ರಲ್ಲಿ ಎಳನೀರಿಗೇ ಸೋಡಿಯಂ ಬೆರೆಸಿ ಪರೀಕ್ಷಿಸಿದಾಗ ಅದು ಅಂಗಡಿಯ ಪಾನೀಯಕ್ಕೆ ಸರಿಗಟ್ಟಿತು, ಹೊಟ್ಟೆಗೂ ಹಿತವಾಗಿತ್ತು. ನಮ್ಮ ಆಯುರ್ವೇದ ನಾರಿಕೇಳೋದಕವನ್ನು ತಂಪೆಂದೂ ಮೂತ್ರಾಶಯವನ್ನು ಶುದ್ಧಿಮಾಡುವುದೆಂದೂ ಹೊಗಳಿದೆ. ಅದು ರಕ್ತವೇ ಎಂದು ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇದನ್ನೆಲ್ಲ ಹೇಳಿದಾಗ ಮಿತ್ರರ ಮುಖ ಸಪ್ಪಗಾಯಿತು. "ನಿಮ್ಮದು ಬರೀ ಪುಸ್ತಕದ ಬದನೆಕಾಯಿ" ಎಂದು ಎದ್ದು ಹೋದರು. ಮುಂದಿನ ಭಾನುವಾರ ಓಡಿ ಬಂದ ಮಗನನ್ನು ಕರೆದುಕೊಂಡು ಗಾಡಿಯ ಬಳಿ ಬಂದವರು, ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು, ನನ್ನತ್ತ ನೋಡದೆಯೇ, ಕೆತ್ತಿದ ಕಾಯಿಗೆ ಒಂದು ಚಿಟಿಕೆ ಉದುರಿಸಿದರು. ಗಾಡಿಯವನು ಮಚ್ಚನ್ನು ಅಲ್ಲೇ ನಿಲ್ಲಿಸಿ, "ಏನ್ ಸಾಮಿ, ಮಜ್ಜಿಗೆ ಅಂದ್ಕೊಂಡ್ರಾ?" ಎಂದ. ಹುಡುಗ ಕುಡಿದು ಮುಖ ಕಿವಿಚಿದ. ಆಮೇಲೆ ಇನ್ನೊಂದು ಕಾಯಿ ಕೇಳಿದ.