ಮನೆ ಬದಲಿಸಿದ ಯಂತ್ರ

ನಮ್ಮೂರು ರಾರಾವಿ. ಸಿರುಗುಪ್ಪದಿಂದ ಆದೋನಿಯ ಕಡೆಗೆ ಹೊರಟರೆ ಹಗರಿ ಹೊಳೆಯ ಬಳಿ ಸಿಗುವ ಊರು. ನನ್ನ ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ, ನಡುವಯಸ್ಸು ಕಳೆದದ್ದು ಮೈಸೂರು ರಾಜ್ಯದಲ್ಲಿ, ತೀರಿಕೊಂಡದ್ದು ಕರ್ನಾಟಕದಲ್ಲಿ. ಮನೆ ಮಾತ್ರ ಒಂದೇ, ಹೊಲವೂ ಅದೇ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ ಸೇರಿದಂತೆ ಉಳಿದವು ಮೈಸೂರಿಗೆ ಬಂದವು. “ನಾವು ಕದಲಲಿಲ್ಲಪಾ, ನಮ್ಮ ಕೆಳಗಿನ ರಾಜ್ಯ ಕದಲಿತು” ಎಂದು ಅಜ್ಜ ನಗುತ್ತಿದ್ದ. ಬೆಳಗಾಗೆದ್ದು ಹೊಲಕ್ಕೆ ಹೋದಾಗ ಯಾವ ಬದಲಾವಣೆಯೂ ಕಾಣಲಿಲ್ಲವಂತೆ. ಕಾಗದ ಹಿಡಿದು ಕಚೇರಿಗೆ ಹೋದ ದಿನ ಕಂಡಿತಂತೆ.

ಅಜ್ಜನ ಈ ಮಾತು ನನಗೆ ಮತ್ತೆ ನೆನಪಾದದ್ದು 2023ರಲ್ಲಿ, ಹಳೆಯ ಲ್ಯಾಪ್‌ಟಾಪಿನಿಂದ ಹೊಸದಕ್ಕೆ ಒಂದು ವರ್ಚುವಲ್ ಮಷಿನ್ ಸಾಗಿಸಲು ಹೋಗಿ ಸೋತು ಕೂತಾಗ. ವರ್ಚುವಲ್ ಮಷಿನ್ ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರು. ಅದರ ಹಾರ್ಡ್ ಡಿಸ್ಕ್ ಎಂಬುದು ವಾಸ್ತವದಲ್ಲಿ ಒಂದು ದೊಡ್ಡ ಫೈಲು. ಅದರ ನೆಟ್‌ವರ್ಕ್ ಕಾರ್ಡು, ಪರದೆ ಎಲ್ಲವೂ ವೇಷ. ಒಳಗಿನದಕ್ಕೆ ಅತಿಥಿ, ಹೊರಗಿನದಕ್ಕೆ ಆತಿಥೇಯ ಎಂದು ಹೆಸರು. ತಾನು ಅತಿಥಿ ಎಂಬುದು ಅತಿಥಿಗೆ ಗೊತ್ತಿರುವುದಿಲ್ಲ. ಹಾಗಾಗಿ ಆತಿಥೇಯ ಬದಲಾದರೂ ಅದಕ್ಕೆ ತಿಳಿಯಬಾರದು. ಆದರೆ ಅಜ್ಜನಿಗೆ ಆದಂತೆ ಅದಕ್ಕೂ ತಿಳಿದೇ ತಿಳಿಯಿತು.

ಆ ಯಂತ್ರದೊಳಗೆ ಇದ್ದದ್ದು ಒಂದು ಬಯಲಾಟದ ಪ್ರಸಂಗ. ನನ್ನ ಸೋದರಮಾವ ಸಿರುಗುಪ್ಪದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಹಗಲೆಲ್ಲ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ. 2004ರಿಂದ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ಬಯಲಾಟದ ಮಾಸ್ತರು ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರ ನೋಟುಬುಕ್ಕಿಗೆ ಗೆದ್ದಲು ಹತ್ತಿತ್ತು, ಆದರೆ ಪ್ರಸಂಗವಿಡೀ ಬಾಯಲ್ಲಿತ್ತು. ಅವರು ತಾಳ ತಟ್ಟಿಕೊಂಡು ಹೇಳಿದ್ದನ್ನು ಮಾವ ಟೈಪು ಮಾಡಿದರು. ಮೊದಲ ಕರಡು ಮುಗಿದ ಎಷ್ಟೋ ವರ್ಷಗಳ ಮೇಲೂ ಮಾಸ್ತರು ಬಂದು ತಿದ್ದಿಸುತ್ತಲೇ ಇದ್ದರು. 2017ರಲ್ಲಿ ಅವರು ತೀರಿಕೊಂಡರು. ತಿದ್ದಿದ ಪ್ರತಿ ಇದ್ದದ್ದು ಆ ಫೈಲಿನಲ್ಲಿ ಮಾತ್ರ.

“ಫೈಲೊಂದನ್ನೇ ಕಾಪಿ ಮಾಡಿಕೊಂಡರೆ ಆಗುತ್ತಿರಲಿಲ್ಲವೇ?” ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಅದರ ಕಾರಣ ಕನ್ನಡ ಕಂಪ್ಯೂಟರಿಗೆ ಬಂದ ದಾರಿಯಲ್ಲಿದೆ.

ಕನ್ನಡದ ಎದುರು ಎರಡು ದಾರಿಗಳಿದ್ದವು. ಒಂದು, ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವುದು. 1991ರಲ್ಲಿ ಇಸ್ಕಿ ಎಂಬ ಸಂಕೇತ ಭಾರತೀಯ ಮಾನಕವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ 128 ಸ್ಥಾನಗಳ ಓಣಿಯೊಂದು ಸಿಕ್ಕಿತು. ಆದರೆ ಸಂಖ್ಯೆ ಇದ್ದರಷ್ಟೇ ಸಾಲದು. ‘ಕ’ಕಾರಕ್ಕೆ ಒತ್ತು, ಗುಣಿತ ಕೂಡಿಸಿ ಪರದೆಯ ಮೇಲೆ ಬರೆಯುವುದನ್ನು ಆಪರೇಟಿಂಗ್ ಸಿಸ್ಟಂ ಕಲಿಯಬೇಕು. ವಿಂಡೋಸ್ ಅದನ್ನು ಕಲಿತದ್ದು 2001ರಲ್ಲಿ, ತುಂಗಾ ಫಾಂಟಿನ ಜೊತೆ ಎಕ್ಸ್‌ಪಿ ಬಂದಾಗ. ಅಲ್ಲಿಯವರೆಗೆ ಪ್ರೆಸ್ಸುಗಳು ಕಾಯುವಂತಿರಲಿಲ್ಲ. ಅವು ಹಿಡಿದದ್ದು ಎರಡನೆಯ ದಾರಿ: ಇಂಗ್ಲಿಷ್ ಅಕ್ಷರಗಳು ಕೂರುವ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ದಾರಿಯಲ್ಲೇ ಕನ್ನಡವನ್ನು ಮನೆಮನೆಗೆ, ಕಚೇರಿ ಕಚೇರಿಗೆ ಮುಟ್ಟಿಸಿದವು.

ಆ ಉಪಕಾರಕ್ಕೆ ಒಂದು ಬೆಲೆಯೂ ಇತ್ತು. ನುಡಿಯ ಹಳೆಯ ಜೋಡಣೆಯಲ್ಲಿ ‘ಕನ್ನಡ’ ಎಂದು ಬರೆದು ಫಾಂಟು ತೆಗೆದರೆ ಉಳಿಯುವುದು ಏಳು ಚಿಹ್ನೆಗಳ ಸಾಲು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡು, ಮತ್ತದೇ ಎ, ಜರ್ಮನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಇನ್ನೊಂದು ಎ. ಜೋಡಣೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಮಾವ ಬಳಸುತ್ತಿದ್ದ ಪುಟವಿನ್ಯಾಸದ ತಂತ್ರಾಂಶವಂತೂ ಯುಎಸ್‌ಬಿಗೆ ಚುಚ್ಚುವ ಡಾಂಗಲ್ ಇಲ್ಲದಿದ್ದರೆ ತೆರೆಯುತ್ತಲೇ ಇರಲಿಲ್ಲ. ಅಂದರೆ ಫೈಲಿಗೆ ಫಾಂಟು ಬೇಕು, ಫಾಂಟಿಗೆ ತಂತ್ರಾಂಶ ಬೇಕು, ತಂತ್ರಾಂಶಕ್ಕೆ ಡಾಂಗಲ್ ಬೇಕು, ಇವೆಲ್ಲಕ್ಕೂ ಎಕ್ಸ್‌ಪಿ ಬೇಕು. ಒಂದು ಪ್ರಸಂಗವನ್ನು ಉಳಿಸಲು ಇಡೀ ಮನೆಯನ್ನೇ ಉಳಿಸಬೇಕಿತ್ತು.

ಇಡೀ ಮನೆಯನ್ನೇ ಪೆಟ್ಟಿಗೆಯಲ್ಲಿಟ್ಟು ಸಾಗಿಸುವ ಈ ವಿದ್ಯೆ ಹಳೆಯದು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ 1967ರ ಆರಂಭಕ್ಕೆ ಸಿಪಿ-40 ಎಂಬ ವ್ಯವಸ್ಥೆ ಕೆಲಸಕ್ಕೆ ಬಂತು. ಕಂಪ್ಯೂಟರು ಒಂದು ಕೋಣೆ ತುಂಬುತ್ತಿದ್ದ, ಕೊಳ್ಳಲು ದೊಡ್ಡ ಸಂಸ್ಥೆಗಳೇ ಯೋಚಿಸುತ್ತಿದ್ದ ಕಾಲ. ಒಂದೇ ಯಂತ್ರವನ್ನು ಹಲವರು ಬಳಸುವಾಗ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂಬ ಭ್ರಮೆ ಕಟ್ಟಿಕೊಡುವುದು ಅದರ ಉಪಾಯ. 1972ರ ಆಗಸ್ಟಿನಲ್ಲಿ ಐಬಿಎಂ ಅದರ ಮುಂದಿನ ಪೀಳಿಗೆಯಾದ ವಿಎಂ/370 ಅನ್ನು ಪ್ರಕಟಿಸಿತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧ ಬರೆದು, ಎಂಥ ಪ್ರೊಸೆಸರಿನ ಮೇಲೆ ಇಂಥ ಭ್ರಮೆಯನ್ನು ಲೋಪವಿಲ್ಲದೆ ಕಟ್ಟಬಹುದು ಎಂಬುದಕ್ಕೆ ನಿಯಮ ಹಾಕಿದರು. ಅವರು ಕೊಟ್ಟ ಮಾತಿನ ಸಾರ ಇಷ್ಟು: ಒಳಗೆ ಓಡುವ ಪ್ರೋಗ್ರಾಂ ನಿಜವಾದ ಯಂತ್ರದ ಮೇಲೆ ಓಡಿದಂತೆಯೇ ನಡೆದುಕೊಳ್ಳಬೇಕು. ಇದಕ್ಕೆ ಎರಡು ವಿನಾಯಿತಿಗಳಿದ್ದವು. ಕೆಲಸಕ್ಕೆ ಹಿಡಿಯುವ ಕಾಲ ಬದಲಾಗಬಹುದು. ಸಿಗುವ ಸಂಪನ್ಮೂಲ ಬದಲಾಗಬಹುದು. ಈ ಎರಡನೆಯ ವಿನಾಯಿತಿಯನ್ನು ನೆನಪಿಡಿ.

ನಮ್ಮ ಮೇಜಿನ ಮೇಲಿನ ಎಕ್ಸ್86 ಪ್ರೊಸೆಸರುಗಳು ಆ ನಿಯಮಕ್ಕೆ ಹೊಂದುತ್ತಿರಲಿಲ್ಲ. ಅವುಗಳ ಕೆಲವು ಆದೇಶಗಳು ಯಾರಿಗೂ ಹೇಳದೆ ಯಂತ್ರದ ನಿಜಸ್ಥಿತಿಯನ್ನು ಅತಿಥಿಗೆ ಬಿಟ್ಟುಕೊಡುತ್ತಿದ್ದವು. 1999ರಲ್ಲಿ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ಓಡುವ ಹೊತ್ತಿನಲ್ಲೇ ಬೇರೆ ಆದೇಶಗಳಾಗಿ ಮಾರ್ಪಡಿಸಿ ಈ ತೊಡಕನ್ನು ದಾಟಿತು. 2005ರ ಕೊನೆಗೆ ಇಂಟೆಲ್, ಮರುವರ್ಷ ಎಎಂಡಿ ತಮ್ಮ ಪ್ರೊಸೆಸರಿನೊಳಗೇ ಅದಕ್ಕೆ ಅನುಕೂಲ ಮಾಡಿಕೊಟ್ಟವು. 2007ರಲ್ಲಿ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಸಿಕ್ಕಿತು. ಕೋಣೆ ತುಂಬುವ ಯಂತ್ರಕ್ಕೆಂದು ಹುಟ್ಟಿದ ವಿದ್ಯೆ ನಲವತ್ತು ವರ್ಷಗಳಲ್ಲಿ ಓದುವ ಹುಡುಗರ ಲ್ಯಾಪ್‌ಟಾಪಿಗೆ ಇಳಿದಿತ್ತು.

ಅಂಥ ಹುಡುಗರಲ್ಲಿ ನಾನೂ ಒಬ್ಬ. 2013ರಲ್ಲಿ ಮಾವನ ಅಂಗಡಿಯ ಕಂಪ್ಯೂಟರಿನ ಮದರ್‌ಬೋರ್ಡು ಕೈಕೊಟ್ಟಿತು. ಮರುವರ್ಷ ಏಪ್ರಿಲಿಗೆ ಎಕ್ಸ್‌ಪಿಗೆ ಬೆಂಬಲ ನಿಲ್ಲುತ್ತದೆ ಎಂಬ ಸುದ್ದಿ ಬೇರೆ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಅದರ ತದ್ರೂಪವನ್ನು ಒಂದು ಫೈಲಾಗಿ ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷಿನ್ ಕಟ್ಟಿದೆ. ಮೊದಲ ಸಲ ನೀಲಿ ಪರದೆ ಬಂತು. ಎಕ್ಸ್‌ಪಿಗೆ ಗೊತ್ತಿದ್ದದ್ದು ಹಳೆಯ ಐಡಿಇ ಡಿಸ್ಕು. ನಾನು ಕೊಟ್ಟಿದ್ದು ಸಾಟಾ. ಸೆಟ್ಟಿಂಗಿನಲ್ಲಿ ಐಡಿಇ ಎಂದು ಬದಲಿಸಿದ ಕೂಡಲೇ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಕಾಣಿಸಿತು. ಆ ಲ್ಯಾಪ್‌ಟಾಪನ್ನು ಮಾವನಿಗೇ ಬಿಟ್ಟುಕೊಟ್ಟೆ. ಇನ್ನುಮುಂದೆ ಯಾವ ಕಂಪ್ಯೂಟರು ಬಂದರೂ ಇದೊಂದು ಫೋಲ್ಡರನ್ನು ಕಾಪಿ ಮಾಡಿದರೆ ಮುಗಿಯಿತು ಎಂದು ಭರವಸೆಯನ್ನೂ ಕೊಟ್ಟೆ.

ಹತ್ತು ವರ್ಷದ ಮೇಲೆ ಹೊಸ ಲ್ಯಾಪ್‌ಟಾಪಿಗೆ ಫೋಲ್ಡರು ಕಾಪಿ ಮಾಡಿದಾಗ ಅದು ತೆರೆಯಲಿಲ್ಲ. ವರ್ಚುವಲೈಸೇಷನ್ ಸೌಲಭ್ಯ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಪ್ರೊಸೆಸರಿನಲ್ಲಿ ಸೌಲಭ್ಯವಿತ್ತು, ಆದರೆ ಕಂಪ್ಯೂಟರು ಶುರುವಾಗುವಾಗ ಸಿಗುವ ಬಯೋಸ್ ಸೆಟ್ಟಿಂಗಿನಲ್ಲಿ ಅದನ್ನು ಮುಚ್ಚಿಟ್ಟಿದ್ದರು. ಅದನ್ನು ತೆರೆದೆ. ಹೊಸ ವಿಂಡೋಸ್ ತನ್ನ ಸುರಕ್ಷತೆಗೆಂದು ಅದೇ ಸೌಲಭ್ಯವನ್ನು ಹಿಡಿದಿಟ್ಟುಕೊಳ್ಳುವುದೂ ಉಂಟು. ನಿಮ್ಮ ಯಂತ್ರ ಏಳದಿದ್ದರೆ ಇವೆರಡನ್ನು ಮೊದಲು ನೋಡಿ.

ಮುಂದಿನ ಸಂದೇಶಕ್ಕೆ ನನ್ನ ಕೈ ತಣ್ಣಗಾಯಿತು: ಡಿಸ್ಕಿನ ಒಂದು ಫೈಲು ಸಿಗುತ್ತಿಲ್ಲ. 2013ರಲ್ಲಿ ಎಲ್ಲ ಸರಿಹೋದ ದಿನ ನಾನು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು ಮರೆತಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಮೂಲ ಡಿಸ್ಕಿನ ಫೈಲು ಹೆಪ್ಪುಗಟ್ಟುತ್ತದೆ. ಆಮೇಲೆ ಬರೆದದ್ದೆಲ್ಲ ಹೋಗುವುದು ಬೇರೊಂದು ಫೈಲಿಗೆ. ಪುಸ್ತಕದ ಕೊನೆಗೆ ಹಚ್ಚುವ ತಪ್ಪು-ಒಪ್ಪುಗಳ ಪಟ್ಟಿ ಇದ್ದಂತೆ ಅದು. ಮೂಲವಿಲ್ಲದೆ ಅದಕ್ಕೆ ಅರ್ಥವಿಲ್ಲ, ಅದಿಲ್ಲದೆ ಮೂಲ ಹಳೆಯದು. ಸಿ ಡ್ರೈವಿನಲ್ಲಿ ಜಾಗ ಸಾಲದೆ ಆ ಫೈಲನ್ನು ಡಿ ಡ್ರೈವಿನ ಯಾವುದೋ ಮೂಲೆಯಲ್ಲಿಟ್ಟಿದ್ದೆ. ನಾನು ಕಾಪಿ ಮಾಡಿದ್ದು ಮೂಲವನ್ನು ಮಾತ್ರ.

ಇಲ್ಲೇ ಹಲವರು ಎಡವುತ್ತಾರೆ. ಮೂಲ ಡಿಸ್ಕನ್ನೇ ನೇರವಾಗಿ ಜೋಡಿಸಿದರೆ ಎಕ್ಸ್‌ಪಿ ಚೆನ್ನಾಗಿಯೇ ತೆರೆಯುತ್ತದೆ. ತೆರೆದ ಕೂಡಲೇ ಅದು ಡಿಸ್ಕಿನ ಮೇಲೆ ಬರೆಯಲು ಶುರುಮಾಡುತ್ತದೆ. ಹನ್ನೆರಡನೆಯ ಪುಟದ ನಾಲ್ಕನೆಯ ಸಾಲು ತಿದ್ದಿ ಎಂದು ಪಟ್ಟಿ ಹೇಳುತ್ತಿರುವಾಗ ಪುಸ್ತಕದ ನಡುವೆ ಹೊಸ ಹಾಳೆ ಸೇರಿಸಿದಂತಾಗುತ್ತದೆ. ಆಮೇಲೆ ಪಟ್ಟಿ ಸಿಕ್ಕರೂ ತಾಳೆಯಾಗುವುದಿಲ್ಲ. ನಾನು ಮೂಲದ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯನ್ನು ತೆರೆದು ಮಾವನಿಗೆ ಪ್ರಸಂಗ ತೋರಿಸಿದೆ. ಮಾವ ಕನ್ನಡಕ ಏರಿಸಿ ಎರಡು ಪುಟ ಓದಿದರು. “ಇದು ಮೊದಲಿನದಲೇ ಅಳಿಯಾ. ಸಾರಥಿ ಮಾತು ಎಲ್ಲಿ? ಮಾಸ್ತರು ತಿದ್ದಿದ್ದು ಎಲ್ಲೈತಿ?” ಎಂದರು.

ಹಳೆಯ ಲ್ಯಾಪ್‌ಟಾಪು ಅಟ್ಟದ ಮೇಲಿತ್ತು. ಪರದೆ ಸತ್ತಿತ್ತು, ಟಿವಿಗೆ ತಂತಿ ಜೋಡಿಸಿ ಎಬ್ಬಿಸಿದೆ. ಡಿ ಡ್ರೈವಿನಲ್ಲಿ ಆ ಫೈಲು ಸಿಕ್ಕಿತು. ಅದನ್ನು ಹೊಸದಕ್ಕೆ ಒಯ್ದರೆ ಇನ್ನೊಂದು ಸಂದೇಶ: ಉಳಿಸಿಟ್ಟ ಸ್ಥಿತಿಯನ್ನು ಮರಳಿ ತರಲಾಗುತ್ತಿಲ್ಲ. ಮಾವ ಆ ಯಂತ್ರವನ್ನು ಎಂದೂ ಶಟ್‌ಡೌನ್ ಮಾಡಿರಲಿಲ್ಲ. ಇದ್ದ ಸ್ಥಿತಿಯಲ್ಲೇ ಉಳಿಸಿ ಮುಚ್ಚುತ್ತಿದ್ದರು. ಹಾಗೆ ಉಳಿಸಿದ್ದರಲ್ಲಿ ಹಳೆಯ ಪ್ರೊಸೆಸರಿನ ಗುರುತುಗಳೂ ಸೇರಿರುತ್ತವೆ. ಹೊಸದು ಬೇರೆ ಕಂಪನಿಯ ಪ್ರೊಸೆಸರು. ಆ ಸ್ಥಿತಿಯನ್ನು ಬಿಸಾಡಿ ಮುಂದೆ ಹೋಗಬಹುದಿತ್ತು, ಆದರೆ ಅದು ಓಡುವ ಯಂತ್ರದ ಪ್ಲಗ್ಗು ಕಿತ್ತಂತೆ. ಮತ್ತೆ ಟಿವಿಯ ಮುಂದೆ ಕೂತೆ. ಹಳೆಯದರಲ್ಲೇ ಎಕ್ಸ್‌ಪಿಯನ್ನು ಎಬ್ಬಿಸಿ, ಒಳಗಿನಿಂದಲೇ ಶಟ್‌ಡೌನ್ ಮಾಡಿ, ಎಲ್ಲ ಫೈಲುಗಳ ಇನ್ನೊಂದು ಪ್ರತಿ ತೆಗೆದಿಟ್ಟು, ಸ್ನ್ಯಾಪ್‌ಶಾಟನ್ನು ಮೂಲದಲ್ಲಿ ಲೀನ ಮಾಡಿ, ಇಡೀ ಯಂತ್ರವನ್ನು ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದೆ. ನಾನು ಫೋಲ್ಡರ್ ಕಾಪಿ ಮಾಡುವ ಬದಲು ಮೊದಲೇ ಮಾಡಬೇಕಿದ್ದದ್ದು ಇದನ್ನೇ. ನಡುವೆ ಕರೆಂಟು ಎರಡು ಸಲ ಹೋಗಿ ಬಂತು. ಬೆಳಗಿನ ಜಾವಕ್ಕೆ ಕೆಲಸ ಮುಗಿಯಿತು.

ಹೊಸದರಲ್ಲಿ ಇಂಪೋರ್ಟ್ ಮಾಡುವಾಗ ನೆಟ್‌ವರ್ಕ್ ಕಾರ್ಡಿನ ವಿಳಾಸ ಹಳೆಯದೇ ಇರಲಿ ಎಂದು ಆರಿಸಿದೆ. ಎಕ್ಸ್‌ಪಿ ಯಂತ್ರಾಂಗಗಳ ಲೆಕ್ಕ ಇಟ್ಟಿರುತ್ತದೆ. ಬಹಳ ಬದಲಾಗಿವೆ ಅನಿಸಿದರೆ ಮತ್ತೆ ಆ್ಯಕ್ಟಿವೇಷನ್ ಕೇಳುತ್ತದೆ. ಕೊನೆಯ ತೊಡಕು ಡಾಂಗಲ್. ಅದನ್ನು ಚುಚ್ಚಿದರೆ ಹೊರಗಿನ ವಿಂಡೋಸ್ ತಾನೇ ಹಿಡಿದುಕೊಳ್ಳುತ್ತಿತ್ತು. ಅದನ್ನು ಅತಿಥಿಗೆ ಬಿಟ್ಟುಕೊಡು ಎಂದು ಮೆನುವಿನಲ್ಲಿ ಹೇಳಿದ ಮೇಲೆ ಮಾವನ ತಂತ್ರಾಂಶ ತೆರೆಯಿತು. ಸಾರಥಿ ಮಾತಾಡಿದ.

ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ರೊಸೆಸರಿನ ಸೌಲಭ್ಯ, ಫೈಲಿದ್ದ ಜಾಗ, ಪ್ರೊಸೆಸರಿನ ಗುರುತು, ಡಾಂಗಲ್: ಪ್ರತಿಯೊಂದೂ ಆತಿಥೇಯನಿಂದ ಸಿಗಬೇಕಾದದ್ದು, ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಹೊರಗಿಟ್ಟ ಆ ಎರಡನೆಯ ವಿನಾಯಿತಿಯ ಹತ್ತಿರದ ನೆಂಟ. ಅತಿಥಿಯ ಒಳಗಿದ್ದ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಪೆಟ್ಟಿಗೆಯೊಳಗಿನ ಯಂತ್ರ ತನ್ನ ಮಾತು ಉಳಿಸಿಕೊಂಡಿತ್ತು. ನಾನು 2013ರಲ್ಲಿ ಮಾವನಿಗೆ ಅದಕ್ಕಿಂತ ದೊಡ್ಡ ಮಾತು ಕೊಟ್ಟಿದ್ದೆ.

ಇನ್ನು ಹತ್ತು ವರ್ಷಕ್ಕೆ ಈ ಲ್ಯಾಪ್‌ಟಾಪೂ ಹಳತಾಗುತ್ತದೆ. ಈಗೀಗ ಬರುತ್ತಿರುವ ಎಆರ್‌ಎಂ ಪ್ರೊಸೆಸರಿನ ಕಂಪ್ಯೂಟರುಗಳಲ್ಲಿ ಎಕ್ಸ್86 ಅತಿಥಿ ನೇರವಾಗಿ ಓಡುವುದೇ ಇಲ್ಲ, ಆದೇಶ ಆದೇಶವನ್ನೂ ಅನುವಾದಿಸಿ ಓಡಿಸಬೇಕು. ಹಾಗಾಗಿ ಪ್ರಸಂಗವನ್ನು ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತಕ ಅರ್ಕಾವತ್ತಿನಲ್ಲೂ ಒತ್ತಕ್ಷರದಲ್ಲೂ ಎಡವುತ್ತಿತ್ತು. ಎಕ್ಸ್‌ಪಿಯೊಳಗಿನ ಪುಟ ಒಂದು ಕಡೆ, ಹೊಸ ಪುಟ ಇನ್ನೊಂದು ಕಡೆ ಇಟ್ಟುಕೊಂಡು ಮಾವ ಎರಡು ತಿಂಗಳು ಸಾಲು ಸಾಲು ತಾಳೆ ನೋಡಿದರು. ಓದುವಾಗ ಅವರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ತಾಳ ತಪ್ಪಿದ ಕಡೆ ನಿಲ್ಲುತ್ತಿದ್ದರು. ಬಹುಮಟ್ಟಿಗೆ ಅಲ್ಲೇ ಒಂದು ಒತ್ತು ಬಿದ್ದುಹೋಗಿರುತ್ತಿತ್ತು.

ಈಗ ಪ್ರಸಂಗ ಸಾದಾ ಪಠ್ಯವಾಗಿದೆ, ಪಿಡಿಎಫ್ ಆಗಿದೆ, ಕಾಗದದ ಮೇಲೂ ಇದೆ. ವರ್ಚುವಲ್ ಮಷಿನನ್ನು ನಾನು ಅಳಿಸಿಲ್ಲ. ಅನುಮಾನ ಬಂದಾಗ ತೆರೆದು ನೋಡಲು ಅದು ಇರಲಿ. ಕಾಗದದ ಪ್ರತಿಯನ್ನು ಮಾವ ರಾರಾವಿಗೆ ತಂದು ಕೊಟ್ಟರು. ಅಜ್ಜನ ಪೆಟ್ಟಿಗೆಯಲ್ಲಿ, ಮದ್ರಾಸ್ ಕಾಲದ ಹೊಲದ ಕಾಗದಗಳ ಜೊತೆ ಅದನ್ನು ಇಟ್ಟಿದ್ದೇನೆ.