ಕೆರೆಯ ಮೇಲಿಳಿದ ವಿಮಾನಗಳು

ವಿಮಾನವೆಂದರೆ ನೆಲದಿಂದೇಳುವ ಯಂತ್ರವೆಂದೇ ನಾವು ತಿಳಿದಿದ್ದೇವೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸಮುದ್ರಕ್ಕೆ ಬಹುದೂರವಾಗಿ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಕ್ಯಾಟಲೀನಾ ಎಂಬ ಅಮೆರಿಕದ ಜಲವಿಮಾನಗಳು ಇಳಿಯುತ್ತಿದ್ದುವು. ಕ್ಯಾಟಲೀನಾ ಜರ್ಮನಿಯ ಸಂತತಿಯಲ್ಲ. ಆದರೂ ಅದು ಎದುರಿಸಿದ ತೊಡಕುಗಳನ್ನು ಅದಕ್ಕೂ ಮೊದಲೇ ಎದುರಿಸಿದ್ದ ಒಂದು ಪುಟ್ಟ ಜರ್ಮನ್ ಯಂತ್ರದ ಕಥೆಯನ್ನು ಮೊದಲು ಹೇಳಬೇಕಾಗಿದೆ.

ಒಂದನೆಯ ಯುದ್ಧದಲ್ಲಿ ಸೋತ ಜರ್ಮನಿಯ ವಿಮಾನೋದ್ಯಮವನ್ನು ವರ್ಸೇಲ್ಸ್ ಒಪ್ಪಂದವು ಕಟ್ಟಿಹಾಕಿತು. ಕ್ಲಾಡ್ ಡಾರ್ನಿಯರ್ ಎಂಬ ಶಿಲ್ಪಿಯು ಕಟ್ಟಿದ್ದ ದೊಡ್ಡ ಜಲವಿಮಾನವೊಂದನ್ನು 1920ರಲ್ಲಿ ಕೀಲ್ ಬಂದರಿನ ಬಳಿ ಮುಳುಗಿಸಲಾಯಿತು. ಮರುವರ್ಷ ಹೊರಬಂದುದು ಮೂವರು ಮಾತ್ರ ಕೂರಬಹುದಾದ ‘ಲಿಬೆಲ್ಲೆ’. ಅದರ ರೆಕ್ಕೆಯ ಹರವು ಮೂವತ್ತು ಅಡಿಯನ್ನು ಮುಟ್ಟದು. ಎಂಜಿನ್ನಿನ ಬಲ ಐವತ್ತು ಅರವತ್ತು ಅಶ್ವಶಕ್ತಿ. ಆ ಹೆಸರಿನ ಅರ್ಥ, ನಮ್ಮ ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎನ್ನುವ ಕೀಟ. ಅವರು ಕೀಟದ ಹೆಸರನ್ನು ವಿಮಾನಕ್ಕಿಟ್ಟರು. ನಾವು ವಿಮಾನದ ಹೆಸರನ್ನು ಕೀಟಕ್ಕಿಟ್ಟೆವು!

ಮರದ ಒಡಲು ನೀರು ಕುಡಿದು ಭಾರವಾಗುತ್ತದೆ. ಅದರಿಂದ ಡಾರ್ನಿಯರ್ ಡ್ಯೂರಾಲ್ಯುಮಿನ್ ಎಂಬ ಹಗುರವಾದ ಮಿಶ್ರಲೋಹವನ್ನು ಆರಿಸಿಕೊಂಡನು. ನೀರಿನಲ್ಲಿ ಓಲಾಡದಂತೆ ಒಡಲಿನ ಎರಡು ಪಕ್ಕಗಳಲ್ಲಿಯೂ ಗಿಡ್ಡವಾದ ಚಾಚುಗಳನ್ನಿಟ್ಟನು. ತುಂತುರು ತಾಗದ ಹಾಗೆ ರೆಕ್ಕೆಯನ್ನೂ ಎಂಜಿನ್ನನ್ನೂ ಮೇಲಕ್ಕೆತ್ತಿ ನಿಲ್ಲಿಸಿದನು. ನೀರಿಗೆ ಒಂದು ಹಟವುಂಟು: ನಯವಾದ ತಳವನ್ನು ಅದು ಹಿಡಿದುಕೊಂಡು ಬಿಡಲೊಲ್ಲದು. ಆ ಹಿಡಿತವನ್ನು ಮುರಿಯಲು ಜಲವಿಮಾನಗಳ ಅಡಿಯಲ್ಲಿ ಒಂದು ಮೆಟ್ಟಿಲನ್ನು ಕಡೆದಿರುತ್ತಾರೆ. ವೇಗವೇರಿದಂತೆ ಒಡಲು ಮೆಟ್ಟಿಲಿನ ಮುಂಭಾಗದ ಮೇಲೆಯೇ ಜಾರುತ್ತ ಏಳುತ್ತದೆ.

ಬಳಿಕ ಹೆಚ್ಚು ಬಲದ ಎಂಜಿನ್ನೂ ಅಗಲವಾದ ರೆಕ್ಕೆಯೂ ಉಳ್ಳ ಎರಡನೆಯ ಲಿಬೆಲ್ಲೆ ಬಂದಿತು. ಮೂರನೆಯ ರೂಪ ‘ಷ್ಪಾಟ್ಸ್’, ಎಂದರೆ ಗುಬ್ಬಚ್ಚಿ. ಇದಕ್ಕೆ ಗಾಲಿಗಳಿದ್ದುವು, ನೀರಿನ ಸಂಗ ತಪ್ಪಿತ್ತು. ನಮಗೆ ಇದೇ ಈ ವಂಶದ ಅತ್ಯಂತ ಅರ್ಥವತ್ತಾದ ಮಾರ್ಪಾಡೆಂದು ತೋರುತ್ತದೆ.

ಏಕೆಂದರೆ ಕ್ಯಾಟಲೀನಾಕ್ಕೂ ಹೀಗೆಯೇ ಆಯಿತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ವಿಮಾನಗಳನ್ನು ತಯಾರಿಸಬೇಕೆಂಬುದು ಅವರ ಹಂಬಲ. ಯುದ್ಧವು ಕೈಗಿತ್ತುದು ಬಹುಮಟ್ಟಿಗೆ ದುರಸ್ತಿಯ ಕೆಲಸ. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಸೇನೆಗೆ ಸೇರಿತು. ಹಿಂದೂ ಮಹಾಸಾಗರದ ಮೇಲೆ ಜಲಾಂತರ್ಗಾಮಿಗಳನ್ನರಸುತ್ತಿದ್ದ, 104 ಅಡಿ ರೆಕ್ಕೆಯ ಕ್ಯಾಟಲೀನಾಗಳು ದುರಸ್ತಿಗೆ ಬಂದಾಗ, ಕಾರ್ಖಾನೆಗೆ ಸಮೀಪವಾಗಿದ್ದ ಬೆಳ್ಳಂದೂರು ಕೆರೆಯೇ ನಿಲ್ದಾಣವಾಯಿತು. ಗದ್ದೆಗಳಿಗೆ ನೀರೂಡುತ್ತಿದ್ದ ಕೆರೆಗೆ ಈ ಹೊಸ ಉದ್ಯೋಗ ದೊರೆತುದು ಸಾಮಾನ್ಯ ಸಂಗತಿಯಲ್ಲ.

ಅಷ್ಟರಲ್ಲಿ ಕ್ಯಾಟಲೀನಾಕ್ಕೂ ಮಡಿಚುವ ಗಾಲಿಗಳನ್ನು ಜೋಡಿಸಿದ ರೂಪವೊಂದು ಬಂದಿತ್ತು. ಯುದ್ಧಕ್ಕಾಗಿ ಲೋಕದ ಎಲ್ಲೆಡೆ ಗಟ್ಟಿಯಾದ ಓಡುದಾರಿಗಳು ಹಾಸಲ್ಪಟ್ಟುವು. ಜಲವಿಮಾನದ ಹಿರಿಮೆಗೆ ಕುಂದು ತಂದುದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಈ ಕಾಂಕ್ರೀಟು. ಬೆಳ್ಳಂದೂರು ಕೆರೆಗೆ ಮುಂದೆ ನಗರದ ಕೊಳಚೆ ಹರಿಯಿತು. 2017ರಲ್ಲಿ ಅಲ್ಲಿ ಎದ್ದ ಬೆಂಕಿಯನ್ನು ದೇಶವೆಲ್ಲ ನೋಡಿತು. ಫಿಜಿ ದ್ವೀಪದವರೆಗೆ ಹೋಗಿದ್ದ ಲಿಬೆಲ್ಲೆಯೊಂದು ಮಾತ್ರ ತವರಿಗೆ ಮರಳಿ, ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿತು.